ಹಲಸೂರಿನ ಸೋಮೇಶ್ವರನ ಸನ್ನಿಧಿ

ಜಪಾನಿನ ಹಳ್ಳಿಗಳಲ್ಲಿರುವ ಶಿಂತೋ ಗುಡಿಗೆ ಹೋಗತಕ್ಕವರು ಮೊದಲು 'ತೋರೀ' ಎಂಬ ತೋರಣದ್ವಾರವನ್ನು ದಾಟುತ್ತಾರೆ. ನೀರಿನ ತೊಟ್ಟಿಯ ಬಳಿ ನಿಂತು ಎಡಗೈಯನ್ನೂ ಬಲಗೈಯನ್ನೂ ತೊಳೆದು ಬಾಯಿ ಮುಕ್ಕಳಿಸುತ್ತಾರೆ. ಬಳಿಕ ದೇವರೆದುರು ಎರಡು ಸಲ ಬಾಗಿ, ಎರಡು ಸಲ ಕೈತಟ್ಟಿ, ಮತ್ತೊಮ್ಮೆ ಬಾಗುತ್ತಾರೆ. ಬಾಗಿಲು, ನೀರು, ದರ್ಶನ ಎಂಬ ಈ ಕ್ರಮವು ನಮಗೆ ಹೊಸದಲ್ಲ. ಕಾಲು ತೊಳೆಯದೆ ಗುಡಿಯನ್ನು ಹೊಗಬಾರದೆಂದು ನಮ್ಮ ಮನೆಯ ಹಿರಿಯರೂ ಹೇಳುತ್ತಿದ್ದರಷ್ಟೆ.

ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಹಲಸೂರಿನ ಸೋಮೇಶ್ವರ ದೇವಾಲಯಕ್ಕೆ ಹೋಗೋಣ. 1809ರಲ್ಲಿ ಇಂಗ್ಲಿಷರ ದಂಡು ಈ ಹಳ್ಳಿಯ ಪಕ್ಕದಲ್ಲಿ ಬೀಡುಬಿಟ್ಟಿತು, ಹಳ್ಳಿಯು ಪೇಟೆಯಾಯಿತು, 2011ರಿಂದ ಮೆಟ್ರೋ ರೈಲೂ ಅದರ ಮೇಲೆ ಹಾದುಹೋಗುತ್ತಿದೆ. ಗುಡಿಯಾದರೋ ಇದೆಲ್ಲಕ್ಕಿಂತ ಬಹು ಹಿಂದಿನದು. ಮೂಲವು ಚೋಳರ ಕಾಲದ್ದೆಂದೂ, ಈಗಿನ ವಿಸ್ತಾರವು ವಿಜಯನಗರದ ಕಾಲದ್ದೆಂದೂ ಬಲ್ಲವರು ಹೇಳುತ್ತಾರೆ. ಮರದಡಿಯಲ್ಲಿ ಮಲಗಿದ್ದ ಕೆಂಪೇಗೌಡನ ಕನಸಿನಲ್ಲಿ ಸೋಮೇಶ್ವರನು ಕಾಣಿಸಿಕೊಂಡು ನಿಧಿಯನ್ನು ತೋರಿಸಿದನೆಂಬ ಕಥೆಯನ್ನು ನಂಬುವುದೂ ಬಿಡುವುದೂ ಕೇಳುಗರಿಗೆ ಸೇರಿದ್ದು.

ರಾಜಗೋಪುರವನ್ನು ದಾಟಿದರೆ ಗದ್ದಲವು ಹಿಂದುಳಿಯುತ್ತದೆ. ತೆರೆದ ಮಂಟಪದಲ್ಲಿ 48 ಕಂಬಗಳು. ಕೈಲಾಸವನ್ನೆತ್ತುವ ರಾವಣ, ಮಹಿಷನನ್ನು ಕೊಲ್ಲುವ ದುರ್ಗೆ, ಗಿರಿಜಾಕಲ್ಯಾಣ: ಒಂದೊಂದರ ಮುಂದೆಯೂ ನಿಂತು ನೋಡಬೇಕು. ಆತುರದ ಪ್ರದಕ್ಷಿಣೆಯಿಂದ ಪುಣ್ಯ ದೊರೆಯಬಹುದು, ಶಿಲ್ಪ ದೊರೆಯದು.

ಇಲ್ಲಿ ಬಾಗಿಲೂ ಇದೆ, ದರ್ಶನವೂ ಇದೆ. ನಡುವಣ ನೀರೆಲ್ಲಿ? ಅದು ಮಣ್ಣಿನಡಿಯಲ್ಲಿತ್ತು. 2010ರಲ್ಲಿ ದೇವಾಲಯದ ಸಮೀಪದಲ್ಲಿ ನೆಲವನ್ನಗೆದಾಗ ಹೂತುಹೋಗಿದ್ದ ಪ್ರಾಚೀನ ಕಲ್ಯಾಣಿಯು ಹೊರಬಂದಿತು. ಕೊಳವೊಂದನ್ನು ಒಂದು ಊರೇ ಮರೆಯಬಲ್ಲುದೆ ಎಂದು ನಾವು ಬೆರಗಾದೆವು.

ಜಪಾನಿನ ಈಸೆಯಲ್ಲಿರುವ ಮಹಾಗುಡಿಯು ಮರದ್ದು. ಅದನ್ನು 20 ವರ್ಷಗಳಿಗೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟುತ್ತಾರೆ. 2013ರಲ್ಲಿ ನಡೆದುದು 62ನೆಯ ಸಲ. ಹೀಗಾಗಿ ಪ್ರತಿ ತಲೆಮಾರಿನ ಬಡಗಿಗೂ ದೇವರ ಕೆಲಸದ ಸರದಿ ಬರುತ್ತದೆ, ಹಿರಿಯನ ಕೈಚಳಕವು ಕಿರಿಯನಿಗೆ ದಾಟುತ್ತದೆ. ನಮ್ಮದು ಕಲ್ಲು. ಅದು ತಾನಾಗಿ ನಿಲ್ಲುತ್ತದೆಂಬ ಭರವಸೆಯಿಂದ ನಾವು ಕೈಕಟ್ಟಿ ಕುಳಿತೆವು. ಕಂಬಗಳು ನಿಂತವು, ನೀರು ಹೋಯಿತು. ಕೊಳಕ್ಕೆ ವರ್ಷ ವರ್ಷವೂ ಹೂಳೆತ್ತುವ ಆಳು ಬೇಕು. ಆ ಸರದಿ ಯಾರದೆಂಬುದನ್ನು ಹಲಸೂರಿನವರೂ ಬೆಂಗಳೂರಿನವರೂ ಕುಳಿತು ಮಾತನಾಡಬೇಕಾಗಿದೆ.

ಅಲ್ಲಿಗೆ ಹೋಗುವವರು ಬೆಳಗಿನ ಹೊತ್ತು ಹೋಗಲಿ. ಗೋಪುರಕ್ಕೆ ಮುನ್ನ ಕಲ್ಯಾಣಿಯನ್ನು ನೋಡಲಿ.