ಬೀಗದ ಕೈ ಯಾರ ಬಳಿ?

(ದಾಂಡೇಲಿಯಲ್ಲಿ ಚಿತ್ರಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ಈಗಷ್ಟೇ ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’ ನೋಡಿದೆವು. ಭಾರತೀಸುತರ ಕಾದಂಬರಿಯನ್ನು ಆಧರಿಸಿ 1973ರಲ್ಲಿ ತೆರೆಗೆ ಬಂದ ಚಿತ್ರವಿದು. ಯುದ್ಧದಲ್ಲಿ ಗಾಯಗೊಂಡು ದಾಂಪತ್ಯ ಸುಖಕ್ಕೆ ಎರವಾದ ಸೇನಾಧಿಕಾರಿ, ಅವನ ಹೆಂಡತಿ ಮಾಧವಿ, ಅವಳ ಮನಸ್ಸು ಹರಿಯುವ ತರುಣ ನಂಜುಂಡ. ಮಾಧವಿಯ ಪಾತ್ರಕ್ಕಾಗಿ ಜಯಂತಿ ರಾಜ್ಯ ಪ್ರಶಸ್ತಿ ಪಡೆದರು. ನಂಜುಂಡನಾದ ಚಂದ್ರಶೇಖರ್ ಅವರಿಗೆ ಗುಡ್ಡದ ಹೆಸರೇ ಅಂಟಿಕೊಂಡಿತು.

ದಾಂಪತ್ಯದ ಬಾಗಿಲನ್ನು ಮೂರನೆಯವರಿಗೆ ತೆರೆಯಬಹುದೇ? ಇಂದು ನಗರಗಳಲ್ಲಿ ಕೆಲವು ಜೋಡಿಗಳು ಪರಸ್ಪರ ಮಾತಾಡಿಕೊಂಡು, ಒಪ್ಪಿ ಹಾಗೆ ಬದುಕುವುದುಂಟು. ಅದನ್ನು ಕುರಿತ ಚಿತ್ರಗಳೂ ಬಂದಿವೆ. ಮಾಧವಿಯ ಕಾಲದಲ್ಲಿ ಅಂಥ ಮಾತಿಗೆ ಎಡೆಯಿರಲಿಲ್ಲ.

ಆಗ ಕಾನೂನು ಏನು ಹೇಳುತ್ತಿತ್ತು? 1860ರ ಭಾರತೀಯ ದಂಡ ಸಂಹಿತೆಯ 497ನೇ ಕಲಮಿನ ಪ್ರಕಾರ, ಪರರ ಹೆಂಡತಿಯೊಡನೆ ಸಂಬಂಧವಿಟ್ಟುಕೊಂಡ ಗಂಡಸಿಗೆ 5 ವರ್ಷಗಳವರೆಗೆ ಸಜೆ. ಹೆಂಡತಿಗೆ ಶಿಕ್ಷೆಯಿಲ್ಲ. ಇದನ್ನು ಕರುಣೆ ಎಂದುಕೊಳ್ಳಬೇಡಿ. ಗಂಡನ ಒಪ್ಪಿಗೆಯಿದ್ದರೆ ಅದು ಅಪರಾಧವೇ ಆಗುತ್ತಿರಲಿಲ್ಲ! ಗಂಡ ದಾರಿ ತಪ್ಪಿದರೆ ದೂರು ಕೊಡುವ ಹಕ್ಕು ಹೆಂಡತಿಗಿರಲಿಲ್ಲ. ಅಂದರೆ ಬಾಗಿಲೇನೋ ಇತ್ತು, ಬೀಗದ ಕೈ ಗಂಡನ ಜೇಬಿನಲ್ಲಿತ್ತು. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ಕಲಮನ್ನು ರದ್ದುಪಡಿಸಿತು. ಹೆಂಡತಿ ಗಂಡನ ಸೊತ್ತಲ್ಲ ಎಂಬುದೇ ತೀರ್ಪಿನ ತಿರುಳು. ವಿಚ್ಛೇದನಕ್ಕೆ ಮಾತ್ರ ವ್ಯಭಿಚಾರ ಈಗಲೂ ಕಾರಣವಾಗಬಲ್ಲದು.

ಎಲ್ಲ ಕಡೆಯ ಮದುವೆಯೂ ಒಂದೇ ಅಚ್ಚಿನದಲ್ಲ. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ವಿಧವೆಗೆ, ಗಂಡನನ್ನು ಬಿಟ್ಟವಳಿಗೆ ಮತ್ತೆ ಸಂಸಾರ ಕಟ್ಟಿಕೊಡುವ ‘ಉಡಿಕೆ’ಯ ರೂಢಿಯಿತ್ತು. ನಮ್ಮ ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರು ನೆಲೆಸಿದ್ದಾರಲ್ಲ, ಅವರ ಹಳೆಯ ನಾಡಿನ ಕೆಲವು ಕುಟುಂಬಗಳಲ್ಲಿ ಹೊಲ ಹಂಚಿಹೋಗದಿರಲೆಂದು ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾಗುತ್ತಿದ್ದರು. ಇಲ್ಲೆಲ್ಲ ಹೊಲ, ಮನೆ, ಕುಲ ಲೆಕ್ಕಕ್ಕೆ ಬಂದವು. ಹೆಣ್ಣಿನ ಮನಸ್ಸು ಎಷ್ಟು ಬಂತು ಎಂಬುದು ಬೇರೆ ಮಾತು.

ನಾನು ವರದಿಗಾರ. ಠಾಣೆಯಿಂದ ಬಂದ ಸುದ್ದಿಗೆ ‘ಶೀಲ ಶಂಕಿಸಿ ಪತ್ನಿಯ ಕೊಲೆ’ ಎಂದು ತಲೆಬರಹ ಕೊಟ್ಟು ಚಹಾ ಕುಡಿಯಲು ಹೋದವನು. ಆ ನಾಲ್ಕು ಪದಗಳಲ್ಲಿ ಕೊಂದವನ ಶಂಕೆಗೆ ಜಾಗವಿದೆ, ಸತ್ತವಳ ಮಾತಿಗಿಲ್ಲ. ಓದಿದವರು ‘ಏನೋ ಮಾಡಿರಬೇಕು’ ಎಂದು ಪುಟ ತಿರುವುತ್ತಾರೆ. ಪುಟ್ಟಣ್ಣನವರು ಹಾಗೆ ಮಾಡಲಿಲ್ಲ. ಕಥೆಯ ನಡುವೆ ಮಾಧವಿಯನ್ನೇ ನಿಲ್ಲಿಸಿ, ಅವಳ ಒಳಗಿನ ಹೊಯ್ದಾಟವನ್ನು ನಮಗೆ ತೋರಿಸಿದರು.

ಅವಳು ಮಾಡಿದ್ದು ಸರಿಯೋ ತಪ್ಪೋ, ನಿಮ್ಮ ತೀರ್ಪು ನಿಮಗಿರಲಿ. ಆದರೆ ತೀರ್ಪಿಗೆ ಮುಂಚೆ ವಿಚಾರಣೆ ಆಗಬೇಕಲ್ಲವೇ? ಮುಂದೆ ಅಂಥ ಸುದ್ದಿ ಹಳಿಯಾಳದಿಂದ ಬರಲಿ, ಜೋಯಿಡಾದಿಂದ ಬರಲಿ, ನನ್ನ ಕೈಯಿಂದ ಆ ತಲೆಬರಹ ಹೊರಡದು.