ಆರೇ ವರ್ಷ ಬಾಳಿದ ರೈಲುದಾರಿ



ನಮಗೆ ಅನ್ನವಿತ್ತ ಈ ನಾಗಪುರದ ಮರೆತುಹೋದ ರೈಲುದಾರಿಯೊಂದರ ವಿಚಾರವನ್ನು ತಮ್ಮ ಮುಂದಿಡಬಯಸುತ್ತೇವೆ.

ಮುಂಬಯಿಯಿಂದ ಜಿ.ಐ.ಪಿ. ಕಂಪೆನಿಯ ಬ್ರಾಡ್‌ಗೇಜ್ ಹಳಿ 1867ರಲ್ಲಿ ನಾಗಪುರವನ್ನು ಮುಟ್ಟಿ ನಿಂತಿತು. ಪೂರ್ವಕ್ಕಿದ್ದ ಛತ್ತೀಸ್‌ಗಢದ ಧಾನ್ಯಕ್ಕೆ ಎತ್ತಿನ ಗಾಡಿಯೇ ಗತಿ. 1878ರ ಬರ ಸರ್ಕಾರದ ಕಣ್ಣು ತೆರೆಸಿತು. ರಾಜನಾಂದಗಾಂವ್‌ವರೆಗೆ 149 ಮೈಲಿ ಮೀಟರ್‌ಗೇಜ್ ಹಾಕಿಸಿ, 1882ರಲ್ಲಿ ಮುಗಿಸಿದರು. ಅದೇ ನಾಗಪುರ ಛತ್ತೀಸ್‌ಗಢ ರೈಲ್ವೆ.

ಆದರೆ ಹಳಿಯ ಅಗಲ ಬೇರೆಯಾಯಿತು. ಮುಂಬಯಿಗೆ ಹೋಗುವ ಪ್ರತಿಯೊಂದು ಮೂಟೆಯನ್ನೂ ನಾಗಪುರದಲ್ಲಿ ಇಳಿಸಿ ಮತ್ತೆ ಹೇರಬೇಕು. ಮುಂಬಯಿ ಕಲಕತ್ತೆಗಳನ್ನು ನೇರವಾಗಿ ಕೂಡಿಸುವ ಹಾದಿಗೆ ಇದು ಒಗ್ಗಲಿಲ್ಲ. 1887ರಲ್ಲಿ ಹುಟ್ಟಿದ ಬಂಗಾಳ ನಾಗಪುರ ರೈಲ್ವೆ ಕಂಪೆನಿ ಅದನ್ನು ವಹಿಸಿಕೊಂಡು, 1888ರಲ್ಲಿ ಬ್ರಾಡ್‌ಗೇಜಿಗೆ ಬದಲಿಸಿತು. ಪೂರ್ತಿಯಾದ ಆರೇ ವರ್ಷಕ್ಕೆ ಮೀಟರ್‌ಗೇಜಿನ ಆಯುಷ್ಯ ತೀರಿತು.

ನಮ್ಮ ನಾಡಿನಲ್ಲಿಯೂ ಅದೇ ಕಾಲಕ್ಕೆ ಧಾತು ಈಶ್ವರ ಬರ ಬಂದಿತ್ತು. ಹಸಿದವರು ಕೂಲಿಗಾಗಿ ಮಣ್ಣು ಹೊತ್ತ ಬೆಂಗಳೂರು ಮೈಸೂರು ದಾರಿಯೂ ಮೀಟರ್‌ಗೇಜೇ. ಮೈಸೂರು ಮುಟ್ಟಿದ್ದೂ 1882ರಲ್ಲಿಯೇ. ಮದರಾಸಿನ ಕಡೆಯ ಬ್ರಾಡ್‌ಗೇಜಿನಿಂದ ಬೆಂಗಳೂರಿನಲ್ಲಿ ಸರಕು ಬದಲಿಸುವ ತೊಡಕು ಅಲ್ಲಿಯೂ ಇತ್ತು. ಆದರೂ ಅದು 1990ರ ದಶಕದವರೆಗೆ ಬಾಳಿತು. ಮಹಾನಗರಗಳ ನಡುವೆ ಬಿದ್ದುದಕ್ಕೆ ಅವಸರ, ಮೂಲೆಯಲ್ಲಿದ್ದುದಕ್ಕೆ ದೀರ್ಘಾಯುಷ್ಯ!

ಹಳಿ ಬದಲಾದರೂ ದಾರಿ ಅಳಿಯಲಿಲ್ಲ. ಇಂದಿಗೂ ಹೌರಾದ ಗಾಡಿಗಳು ನಾಗಪುರದಿಂದ ರಾಜನಾಂದಗಾಂವ್‌ ಮೇಲೆಯೇ ಸಾಗುತ್ತವೆ. ನಮ್ಮ ಮಕ್ಕಳು ಆ ಗಾಡಿ ಹತ್ತಿದಾಗ, ಎರಡು ನಾಡಿಗೂ ದಾರಿ ತೋರಿಸಿದ್ದು ಹಸಿವೆಂಬುದನ್ನು ಅವರಿಗೆ ತಿಳಿಸೋಣ. ಹೊಟ್ಟೆಯ ಸಂಕಟಕ್ಕೆ ಭಾಷೆಯ ಗಡಿಯಿಲ್ಲ.