ಮನೆಗಳ ಅರ್ತಿಂಗ್: ಮೂರನೆಯ ರಂಧ್ರದ ಹಿಂದೆ ತಂತಿ ಇದೆಯೇ?

(ಅಡ್ಡಗದ್ದೆ ಗ್ರಾಮ ಪಂಚಾಯತಿ ಸದಸ್ಯರ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಭಾಷಣದ ಪಾಠ)



ಗೋಡೆಯ ಸಾಕೆಟ್ಟಿನಲ್ಲಿ ಮೂರು ರಂಧ್ರಗಳಿದ್ದರೆ ಅರ್ತಿಂಗ್ ಇದೆಯೆಂದೇ ಬಹುತೇಕ ಮನೆಗಳವರು ಭಾವಿಸುತ್ತಾರೆ. ಮೇಲಿನ ದೊಡ್ಡ ರಂಧ್ರದ ಹಿಂದೆ ಹಸಿರು ತಂತಿ ಇಲ್ಲದಿದ್ದರೂ ಫ್ರಿಜ್ ತಂಪಾಗುತ್ತದೆ, ಗೀಸರ್ ನೀರು ಕಾಯಿಸುತ್ತದೆ. ಆದುದರಿಂದಲೇ ಈ ದೋಷ ವರ್ಷಗಟ್ಟಲೆ ಅಡಗಿರುತ್ತದೆ. ಫೇಸ್ ತಂತಿ ಯಂತ್ರದ ಲೋಹದ ಕವಚಕ್ಕೆ ತಗಲಿದ ದಿನ, ವಿದ್ಯುತ್ತು ಭೂಮಿಗಿಳಿಯಲು ಉಳಿಯುವ ದಾರಿ ಅದನ್ನು ಮುಟ್ಟಿದವರ ದೇಹ ಮಾತ್ರ.

ಹಳೆಯ ಮನೆಗಳಲ್ಲಿ ಅರ್ತ್ ತಂತಿಯನ್ನು ಕಬ್ಬಿಣದ ನೀರಿನ ಕೊಳವೆಗೆ ಸುತ್ತುವ ರೂಢಿಯಿತ್ತು. ನಡುವೆ ಒಂದು ಮಾರು ಪ್ಲಾಸ್ಟಿಕ್ ಕೊಳವೆ ಸೇರಿದರೂ ಆ ಅರ್ತಿಂಗ್ ಮುಗಿದಂತೆ. ಬದಲಿಗೆ ಬಚ್ಚಲಿನ ನಲ್ಲಿಗೇ ವಿದ್ಯುತ್ತು ಬರಬಹುದು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನಡಿ ಹೊಸ ಕೊಳವೆ ಬಂದಿರುವ ಮನೆಗಳಲ್ಲಿ ಇದನ್ನು ಅವಶ್ಯ ವಿಚಾರಿಸಬೇಕು.

ಇದಕ್ಕಿಂತ ಅಪಾಯಕರವಾದುದು, ತಂತಿ ಉಳಿಸಲೆಂದು ಸಾಕೆಟ್ಟಿನೊಳಗೇ ಅರ್ತನ್ನು ನ್ಯೂಟ್ರಲಿಗೆ ಜೋಡಿಸುವುದು. ಪರೀಕ್ಷಾ ಬಲ್ಬು ಹಿಡಿದರೆ ಎಲ್ಲವೂ ಸರಿಯಿದ್ದಂತೆ ಉರಿಯುತ್ತದೆ. ಆದರೆ ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಕಂಬದಿಂದ ಬರುವ ನ್ಯೂಟ್ರಲ್ ಮಾತ್ರ ತುಂಡಾಯಿತೆನ್ನಿ: ದೀಪ ಆರುತ್ತದೆ, ಕರೆಂಟು ಹೋಯಿತೆಂದು ಮನೆಯವರು ತಿಳಿಯುತ್ತಾರೆ, ಅದೇ ಹೊತ್ತಿಗೆ ಫ್ರಿಜ್ಜಿನ ಕವಚದಲ್ಲಿ 230 ವೋಲ್ಟ್ ಕುಳಿತಿರುತ್ತದೆ.

"ಎಂಸಿಬಿ ಇದೆಯಲ್ಲ" ಎಂಬ ಉತ್ತರ ಸಾಲದು. ಬೇಸಗೆಯಲ್ಲಿ ಜಂಬಿಟ್ಟಿಗೆ ನೆಲ ಒಣಗಿ ಅರ್ತ್ ಗುಂಡಿಯ ರೋಧ 20 ಓಮಿಗೆ ಏರಿತೆಂದು ಭಾವಿಸೋಣ. ಆಗ 230 ವೋಲ್ಟಿಗೆ ಹರಿಯುವುದು ಸುಮಾರು 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಬೀಳುವುದೇ ಇಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಕ್ಷಣಾರ್ಧದಲ್ಲಿ ಬೀಳುತ್ತದೆ. ಅದರ ಟೆಸ್ಟ್ ಗುಂಡಿ ಒತ್ತಿದಾಗ ಬಿದ್ದರೆ ಆ ಉಪಕರಣ ಸರಿಯಿದೆ ಎಂದಷ್ಟೇ ಅರ್ಥ. ಅರ್ತಿಂಗ್ ಇಲ್ಲದ ಮನೆಯಲ್ಲೂ ಅದು ಬೀಳುತ್ತದೆ.

ಸದಸ್ಯರು ಯಾವ ಬೋರ್ಡನ್ನೂ ಬಿಚ್ಚತಕ್ಕದ್ದಲ್ಲ. ಕೇಳಿ, ಕಣ್ಣಿನಿಂದ ನೋಡಿದರೆ ಸಾಕು. ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿದಿದ್ದಾರೆಯೇ? ಅರ್ತ್ ಗುಂಡಿ ಎಲ್ಲಿದೆಯೆಂದು ಮನೆಯವರಿಗೆ ತಿಳಿದಿದೆಯೇ? ಬಟ್ಟೆ ಒಣಗಿಸುವ ಕಬ್ಬಿಣದ ತಂತಿ ಸರ್ವಿಸ್ ವೈರಿಗೆ ತಾಗುತ್ತಿದೆಯೇ? ಕೊಟ್ಟಿಗೆಯನ್ನೂ ನೋಡಿರಿ, ಒದ್ದೆ ನೆಲದ ಮೇಲೆ ನಿಂತ ದನಕ್ಕೆ ಚಪ್ಪಲಿಯಿಲ್ಲ. ಸಂಶಯವಿದ್ದ ಮನೆಯ ವಿವರ ಬರೆದುಕೊಂಡು ಬನ್ನಿ. ರೋಧ ಅಳೆಯುವ ಕೆಲಸ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರದು. ಅದನ್ನು ನೆಲ ಒಣಗಿರುವ ಬೇಸಗೆಯಲ್ಲೇ ಮಾಡಿಸಬೇಕು. ಮಳೆಯಲ್ಲಿ ಅಳೆದರೆ ದುರ್ಬಲ ಅರ್ತಿಂಗೂ ಉತ್ತಮವಾಗಿ ತೋರುತ್ತದೆ. ಕಂಬ ಅಥವಾ ಸರ್ವಿಸ್ ವೈರಿನ ದೋಷವಾದರೆ ಮೆಸ್ಕಾಂಗೆ, 1912ಕ್ಕೆ ತಿಳಿಸುವುದು.

ಮನೆಗಳಿಗೆ ಹೋಗುವ ಮುನ್ನ ನಮ್ಮ ಕಚೇರಿ, ಅಂಗನವಾಡಿಗಳು ಹಾಗೂ ಕುಡಿಯುವ ನೀರಿನ ಪಂಪ್ ಮನೆಗಳ ಅರ್ತಿಂಗ್ ಅಳೆಸಲು ಮಂಜೂರಾತಿ ಕೋರುವ ವಿಷಯವನ್ನು ಇಂದಿನ ಸಭೆಯ ಮುಂದಿಡುತ್ತಿದ್ದೇನೆ.